ಐದನೇ ಠರಾವು

ಹೋದ ತಿಂಗಳು ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿ ತೆಗೆದೆ, ಮೂರು ಸಲ ಸೀನಿದೆ. ಹೊರಗೆ ತಂಬಾಕಿನ ಚೀಲ ಹೇರಿದ ಲಾರಿ ನಿಂತಿತ್ತು. ಪಕ್ಕದಲ್ಲಿ ಕೂತವನು ನಕ್ಕು, "ಹೊಸಬ್ರೇನ್ರಿ ಈ ಕಡೀಗಿ?" ಅಂದ. "ಹೌದ್ರಿ," ಅಂದೆ. ಅದು ಸುಳ್ಳು. ಅಲ್ಲಿಂದ ಅರ್ಧ ಗಂಟೆಯ ದಾರಿಯ ಒಂದು ಮಂಡಲ ಪಂಚಾಯತಿಯಲ್ಲಿ ನಾನು ಎರಡು ವರ್ಷ ಸೆಕ್ರೆಟರಿಯಾಗಿದ್ದೆ.

ವಾಸನೆ ಮೂಗಿಗೆ ಬಡಿದ ಕೂಡಲೇ ನೆನಪು ತಾನಾಗಿ ತೆರೆದುಕೊಳ್ಳುತ್ತದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಬಂದದ್ದು ಸೀನು. ನೆನಪನ್ನು ಆಮೇಲೆ ನಾನೇ ಎಳೆದು ತಂದೆ, ಅದು ಬರುವಷ್ಟರಲ್ಲಿ ದಾರಿಯಲ್ಲಿ ಬಟ್ಟೆ ಬದಲಿಸಿಕೊಂಡಿತ್ತು. ಆ ಚಳಿಗಾಲದ ಸಂಗತಿಯನ್ನು ಹೆಂಡತಿಗೆ ಒಂದು ರೀತಿ ಹೇಳಿದ್ದೇನೆ, ಆಫೀಸಿನ ಗೆಳೆಯರಿಗೆ ಇನ್ನೊಂದು ರೀತಿ. ಎರಡರಲ್ಲೂ ನಾನು ಒಳ್ಳೆಯವನು. ಅನುಮಾನ ಪಡಲು ಅಷ್ಟು ಸಾಕು.

ಅದು ನಮ್ಮ ಸೈನ್ಯ ಲಂಕೆಯಲ್ಲಿದ್ದ ಎರಡನೆಯ ಚಳಿಗಾಲ. ಮಂಡಲ ಪಂಚಾಯತಿಗಳು ಹೊಸದಾಗಿ ಬಂದಿದ್ದವು. ಅಲ್ಲಿಯವರೆಗೆ ಗಟಾರಿನ ಬಗ್ಗೆ ಮಾತ್ರ ಅಭಿಪ್ರಾಯ ಇಟ್ಟುಕೊಂಡಿದ್ದ ಜನರಿಗೆ ಜಗತ್ತಿನ ಎಲ್ಲದರ ಬಗ್ಗೆಯೂ ಠರಾವು ಪಾಸು ಮಾಡುವ ಹುಮ್ಮಸ್ಸು. ಊರಿನ ಅರ್ಧ ಮನೆಗಳಲ್ಲಿ ಮರಾಠಿ, ಅರ್ಧ ಮನೆಗಳಲ್ಲಿ ಕನ್ನಡ, ಎಲ್ಲರ ಬಾಯಲ್ಲಿ ಎರಡೂ. ಆದರೆ ಠರಾವು ಪುಸ್ತಕ ಕನ್ನಡದ್ದು. ಅದನ್ನು ಬರೆಯುವವನು ನಾನು, ಅಥಣಿ ತಾಲೂಕಿನ ತೆಲಸಂಗದವನು. ನಮ್ಮ ಕಡೆ ಜೋಳ, ಕಲ್ಲು, ಗಾಳಿ. ಇಲ್ಲಿಯ ಕಪ್ಪು ನೆಲ, ಆಳೆತ್ತರದ ಕಬ್ಬು, ಎದೆಮಟ್ಟದ ತಂಬಾಕು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಹೆಂಡತಿ ಮಗು ತೆಲಸಂಗದಲ್ಲೇ ಇದ್ದರು. ಅಥಣಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದ್ದೆ. ಅದು ಮೇಲೆ ಹೋಗಬೇಕಾದರೆ ನಮ್ಮ ಮಂಡಲದ ಪ್ರಧಾನ ಅಪ್ಪಾಸೋ ಒಂದು ಸಹಿ ಮಾಡಬೇಕಿತ್ತು.

ಅಪ್ಪಾಸೋಗೆ ಐವತ್ತರ ವಯಸ್ಸು, ಬಿಳಿ ಟೊಪ್ಪಿಗೆ, ಹದಿನೆಂಟು ಎಕರೆ ಕಬ್ಬು. ಸೈನ್ಯದ ಬಗ್ಗೆ ಅವರಷ್ಟು ಆವೇಶದಿಂದ ಮಾತಾಡುವವರು ಆ ಕಡೆ ಯಾರೂ ಇರಲಿಲ್ಲ. ಅವರ ಮನೆಯಿಂದ ಸೈನ್ಯಕ್ಕೆ ಹೋದವರೂ ಯಾರೂ ಇರಲಿಲ್ಲ. ಒಬ್ಬನೇ ಮಗ ಕೊಲ್ಹಾಪುರದಲ್ಲಿ ಕಾಲೇಜು ಓದುತ್ತಿದ್ದ.

ಸೈನ್ಯಕ್ಕೆ ಹೋದವನು ಅದೇ ಊರಿನ ಅಕ್ಕಾತಾಯಿ ಎಂಬವಳ ಹಿರಿಯ ಮಗ ಸಂಭಾಜಿ. ಆ ವರ್ಷ ದಸರೆ ಮುಗಿದ ಮೇಲೆ ಲಂಕೆಯಲ್ಲಿ ಸತ್ತ. ಹೆಣ ಬರಲಿಲ್ಲ, ಅಲ್ಲೇ ಸುಟ್ಟರಂತೆ. ಅವನ ಟ್ರಂಕು ಬಂತು. ಅದರಲ್ಲಿ ಎರಡು ಅಂಗಿ, ಬೂಟು ಪಾಲಿಶಿನ ಡಬ್ಬಿ, ಅರ್ಧ ಬಳಸಿದ ಸಾಬೂನು ಇದ್ದವು ಎಂದು ನೋಡಿದವರು ಹೇಳಿದರು. ನಾನು ನೋಡಿಲ್ಲ. ಆದರೂ ಆ ಸಾಬೂನಿನ ಬಣ್ಣ ಹಸಿರು ಎಂದು ನನಗೆ ನೆನಪಿದೆ. ನನ್ನ ನೆನಪು ಎಂಥದು ಎಂದು ಇದರಿಂದ ತಿಳಿದುಕೊಳ್ಳಿ.

ಅಕ್ಕಾತಾಯಿ ನಮ್ಮ ಮಂಡಲದ ಸದಸ್ಯೆ, ಮಹಿಳಾ ಮೀಸಲು ಸ್ಥಾನದಿಂದ ಬಂದವಳು. ಮಹಿಳಾ ಸದಸ್ಯರು ಸಭೆಗೆ ಬರುತ್ತಿರಲಿಲ್ಲ. ಬರಬಾರದು ಎಂದು ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ಪುಸ್ತಕವೇ ಅವರ ಮನೆಗೆ ಹೋಗುತ್ತಿತ್ತು. ಸಭೆಯ ಹಿಂದಿನ ದಿನವೇ ಠರಾವುಗಳನ್ನು ನಾನು ಬರೆದಿಡುತ್ತಿದ್ದೆ, ಆಫೀಸಿನ ಸಿಪಾಯಿ ಮನೆಮನೆಗೆ ಒಯ್ದು ಹೆಬ್ಬೆಟ್ಟು ಒತ್ತಿಸಿಕೊಂಡು ಬರುತ್ತಿದ್ದ, ಮರುದಿನ ಅವರೆಲ್ಲ ಹಾಜರಿದ್ದು ಸರ್ವಾನುಮತದಿಂದ ಒಪ್ಪಿದರು ಎಂದಾಗುತ್ತಿತ್ತು. ಇದನ್ನು ಮೋಸ ಎಂದು ಯಾರೂ ಕರೆಯುತ್ತಿರಲಿಲ್ಲ, ಅನುಕೂಲ ಎನ್ನುತ್ತಿದ್ದರು. ಅಕ್ಕಾತಾಯಿ ಮಾತ್ರ ಸಿಪಾಯಿಯ ಮುಂದೆ ಸಹಿ ಮಾಡುತ್ತಿರಲಿಲ್ಲ. ಮರಾಠಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು. ಮಾತಿಗೆ ಕನ್ನಡ ಸರಾಗ, ಆದರೆ ಕನ್ನಡ ಅಕ್ಷರ ಓದಲು ಬರುತ್ತಿರಲಿಲ್ಲ. "ಬರದವ್ರ ಬಂದು ಓದಿ ಹೇಳ್ಲಿ, ಆಮ್ಯಾಲ ಸಹಿ," ಎಂದು ಪ್ರತಿ ಸಲ ನನ್ನನ್ನೇ ಕರೆಸುತ್ತಿದ್ದಳು. ಕೇಳಿ, ಪ್ರಶ್ನೆ ಕೇಳಿ, ದೊಡ್ಡ ಮರಾಠಿ ಅಕ್ಷರಗಳಲ್ಲಿ ಹೆಸರು ಬರೆಯುತ್ತಿದ್ದಳು. ಇಡೀ ಮಂಡಲದಲ್ಲಿ ಠರಾವನ್ನು ಕಿವಿಗೊಟ್ಟು ಕೇಳುತ್ತಿದ್ದವಳು ಅವಳೊಬ್ಬಳೇ.

ಅವಳ ಕಿರಿಯ ಮಗ ತಾನಾಜಿಗೆ ಹದಿನೇಳು ದಾಟಿತ್ತು. ಅಣ್ಣ ಸತ್ತ ತಿಂಗಳೊಳಗೆ ಅವನು ನಸುಕಿನಲ್ಲಿ ಎದ್ದು ಹೊಳೆದಂಡೆಯಲ್ಲಿ ಓಡುವುದನ್ನು ಶುರು ಮಾಡಿದ. ಸೈನ್ಯಕ್ಕೆ ಆಳು ತೆಗೆದುಕೊಳ್ಳುವ ಭರತಿಗೆ ತಯಾರಿ. ಹದಿನೆಂಟು ತುಂಬದವರಿಗೆ ತಂದೆಯೋ ತಾಯಿಯೋ ಒಪ್ಪಿಗೆ ಬರೆದುಕೊಡಬೇಕಿತ್ತು. ತಂದೆ ಇರಲಿಲ್ಲ. ಅಕ್ಕಾತಾಯಿ ಕೇಳಿದವರಿಗೆಲ್ಲ ಹೇಳಿದಳು: "ಒಬ್ಬನ್ನ ಕೊಟ್ಟೀನಿ. ಇನ್ನೊಬ್ಬನ್ನ ಕೊಡಾಕ ಇದೇನ್ ದೂಧ ಡೇರಿ ಅಲ್ಲ, ದಿನಾ ಹಾಕಾಕ."

ಡಿಸೆಂಬರಿನಲ್ಲಿ ಹೊಳೆಯಾಚೆಯ ಮಂಡಲ ಒಂದು ಠರಾವು ಮಾಡಿತು. ಲಂಕೆಯ ಯುದ್ಧ ನಮ್ಮದಲ್ಲ, ನಮ್ಮ ಹುಡುಗರನ್ನು ಹಿಂದಕ್ಕೆ ಕರೆಸಬೇಕು, ಅಲ್ಲಿಯವರೆಗೆ ಸೈನ್ಯದ ಭರತಿಗೆ ನಮ್ಮ ಮೈದಾನ ಕೊಡುವುದಿಲ್ಲ. ಅವರ ಊರಿನವರೂ ಇಬ್ಬರು ಅಲ್ಲಿ ಸತ್ತಿದ್ದರು. ಈ ಸುದ್ದಿ ಹೊಳೆ ದಾಟಿ ಬಂದದ್ದೇ ತಡ, ಎರಡೂ ಊರಿಗೆ ಹುಚ್ಚು ಹಿಡಿಯಿತು. ನಮ್ಮವರು ಈ ದಂಡೆಯಲ್ಲಿ ನಿಂತು "ಬಳಿ ತೊಟ್ಕೊಳ್ರ್ಯೋ!" ಎಂದು ಕೂಗುತ್ತಿದ್ದರು. ಅವರು ಆ ದಂಡೆಯಿಂದ, "ನಿಮ್ಮ ಪ್ರಧಾನನ ಮಗನ್ನ ಕಳಸ್ರಿ ಮೊದಲ, ಹಿಂದಿಂದ ನಾವೂ ಬರ್ತೀವಿ!" ಎನ್ನುತ್ತಿದ್ದರು. ಆ ಊರಿಗೆ ಕೊಟ್ಟ ಹೆಣ್ಣುಮಕ್ಕಳು ಸಂಕ್ರಾಂತಿಗೆ ತವರಿಗೆ ಬರಲಿಲ್ಲ. ಬಸ್ಸಿಗೆ ಕಲ್ಲು ಬಿತ್ತು. ಯುದ್ಧ ಸಮುದ್ರದಾಚೆ ಇತ್ತು, ಆದರೆ ಅದಕ್ಕೆ ಬೇಕಾದ ದ್ವೇಷವನ್ನು ಇವರು ಇಲ್ಲೇ ಬೆಳೆದುಕೊಂಡರು, ತಂಬಾಕಿನ ಜೊತೆ.

ಅಪ್ಪಾಸೋ ಒಂದು ಮಧ್ಯಾಹ್ನ ಆಫೀಸಿಗೆ ಬಂದು ಕುರ್ಚಿ ಎಳೆದು ಕೂತರು. ಮರುದಿನದ ಸಭೆಗೆ ನಾಲ್ಕು ಠರಾವು ಬರೆದಾಗಿತ್ತು.

"ಐದನೇದು ಬರಿ," ಅಂದರು. "ಅವ್ರು ಭರತಿ ಬ್ಯಾಡ ಅಂದಾರಲ್ಲ, ನಾವು ಬೇಕು ಅಂತ ಬರಿ. ನಮ್ಮ ಸಾಳಿ ಮೈದಾನ ಕೊಡ್ತೀವಿ. ಲಂಕಾದ ಲಡಾಯಿಗಿ ನಮ್ಮ ಮಂಡಲದ ಸಂಪೂರ್ಣ ಪಾಠಿಂಬಾ."

ಬೆಂಬಲ ಎಂದು ಬರೆದೆ.

"ಮುಂದ ಬರಿ. ಹುತಾತ್ಮ ಸಂಭಾಜಿಯ ತಾಯಿ, ನಮ್ಮ ಸದಸ್ಯರು, ಎರಡನೇ ಮಗನ್ನೂ ದೇಶಕ್ಕ ಕೊಡಾಕ ಒಪ್ಯಾರ."

"ಆಕಿ ಒಪ್ಪಿಲ್ಲಲ್ರಿ."

"ಇದರ ಕೆಳಗ ಸಹಿ ಮಾಡಿದ್ರ ಒಪ್ಪಿದಂಗ ಆತಲ್ಲೋ."

"ಓದಿ ಹೇಳು ಅಂತಾಳ್ರಿ."

"ಓದು ಮತ್ತ. ಯಾರ ಬ್ಯಾಡಂದ್ರು? ನಾಕು ಓದು." ಎದ್ದು ಟೊಪ್ಪಿಗೆ ಸರಿಮಾಡಿಕೊಂಡರು. "ನಿನ್ನ ಅಥಣಿ ಅರ್ಜಿ ನನ್ನ ಟೇಬಲ್ ಮ್ಯಾಲ ಐತಿ ನೋಡು. ಭಾಳ ದಿನಾತು, ಕುಂತೈತಿ ಪಾಪ."

ಸಂಜೆ ಪುಸ್ತಕ ಬಗಲಿಗೆ ಹಾಕಿಕೊಂಡು ಅವಳ ಹೊಲಕ್ಕೆ ಹೋದೆ. ತಂಬಾಕಿನ ಕುಡಿ ಮುರಿಯುವ ದಿನಗಳು. ಎಲೆಯ ಅಂಟು ಕೈಗೆ ಹತ್ತಿ ಬೆರಳು ಕಪ್ಪಾಗುತ್ತವೆ. ನೀರಿನಿಂದ ಹೋಗುವುದಿಲ್ಲ. ಅಕ್ಕಾತಾಯಿ ಮಣ್ಣು ತಿಕ್ಕಿ ಕೈ ತೊಳೆದುಕೊಂಡು ಬದುವಿನ ಮೇಲೆ ಕೂತಳು.

"ಏನೇನ್ ಐತಿ, ಓದ್ರಿ."

ಓದಿದೆ. ಕೆಳಗಿನ ಗಲ್ಲಿಗೆ ನಳ. ಶಾಲೆಯ ಹಂಚು. ಬಿಡಾಡಿ ದನ ಕೂಡುವ ಕೊಂಡವಾಡಿಯ ಗೇಟು. ಬೀದಿದೀಪ.

"ನಳ ನಮ್ಮ ಗಲ್ಲಿಗಿ ಖರೇನ ಬರ್ತೈತೋ, ಪುಸ್ತಕದಾಗ ಅಷ್ಟ ಬರ್ತೈತೋ?" ಎಂದು ನಕ್ಕಳು. ಆಮೇಲೆ ಬೆರಳು ತೋರಿಸಿ, "ಇಲ್ಲಿ ಕೆಳಗ ಇನ್ನೂ ಐತಲ್ಲ?"

"ಆಭಾರ ಮನ್ನಣೆ," ಅಂದೆ, ಸಭೆಯ ಕೊನೆಯ ವಂದನಾರ್ಪಣೆ ಎಂಬಂತೆ.

"ಇಷ್ಟ್ ಉದ್ದ? ಆಭಾರಕ್ಕ ಇಷ್ಟ್ ಬರಿಯೂದಾದ್ರ ಕೆಲಸಕ್ಕ ಎಷ್ಟ್ ಬರೀತೀರಿ?" ಎಂದಳು. ಸಹಿ ಮಾಡಿದಳು. ಬುತ್ತಿ ಬಿಚ್ಚಿ ಒಂದು ರೊಟ್ಟಿ, ಹಸಿಮೆಣಸಿನಕಾಯಿ ಚಟ್ನಿ ಕೈಯಲ್ಲಿಟ್ಟಳು. "ಹೆಂಡತಿ ಊರಾಗ ಅದಾಳ, ನೀವ್ ಏನ್ ತಿಂತೀರೋ ಏನೋ."

ಆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ಇಳಿಯಿತು. ಇನ್ನೊಂದು ಕೊಟ್ಟಳು, ಅದನ್ನೂ ತಿಂದೆ.

ಎರಡು ದಿನ ಬಿಟ್ಟು ಐದನೇ ಠರಾವಿನ ನಕಲು ಬರೆದು, ಕೆಳಗೆ ಸತ್ಯಪ್ರತಿ ಎಂದು ಶಿಕ್ಕಾ ಒತ್ತಿ ಅಪ್ಪಾಸೋಗೆ ಕೊಟ್ಟೆ. ತಾನಾಜಿಯ ಒಪ್ಪಿಗೆ ಪತ್ರ ಅದೇ ಆಯಿತು.

ಫೆಬ್ರುವರಿಯಲ್ಲಿ ಭರತಿ. ಕಡಿದ ತಂಬಾಕು ಹೊಲಗಳಲ್ಲಿ ಹಾಸಿ ಬಿದ್ದಿತ್ತು. ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆ, ಮಿಲಿಟರಿ ಲಾರಿ, ಮೇಜು, ಅಂಗಿ ಕಳಚಿದ ನಾನೂರು ಹುಡುಗರು. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಹೊಳೆಯಾಚೆಯ ಊರಿನವರೇ. ಅಲ್ಲಿಯ ಪ್ರಧಾನನ ಅಣ್ಣನ ಮಗ ಮೊದಲ ಸಾಲಿನಲ್ಲಿದ್ದ. ಠರಾವು ಮಾಡಿದವರ ಮಕ್ಕಳು ಹೊಟ್ಟೆ ಒಳಗೆಳೆದು, ಎದೆ ಉಬ್ಬಿಸಿ ನಮ್ಮ ಮೈದಾನದಲ್ಲಿ ನಿಂತಿದ್ದರು. ಅಪ್ಪಾಸೋ ಪೆಂಡಾಲಿನಲ್ಲಿ ಶಾಲು ತಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು. ಅದು ವೀರಮಾತೆಗೆ.

ವೀರಮಾತೆ ಮಗನನ್ನು ಹುಡುಕಿಕೊಂಡು ಬಂದಳು. ಹೊಲದಿಂದ ನೇರ, ಸೀರೆ ಕಚ್ಚೆ ಹಾಕಿಕೊಂಡೇ. ತಾನಾಜಿ ಓಟದಲ್ಲಿ ಪಾಸಾಗಿ ಕಾಗದ ತಪಾಸಣೆಯ ಸಾಲಿನಲ್ಲಿದ್ದ. ಅವಳು ಸಾಲಿನೊಳಗೆ ನುಗ್ಗಿ ಅವನ ರಟ್ಟೆ ಹಿಡಿದಳು.

"ಆಯೀ, ಮಂದ್ಯಾಗ ನನ್ನ ಮರ್ಯಾದಿ ಕಳೀಬ್ಯಾಡ."

"ನಿನ್ನ ಮರ್ಯಾದಿ ಟ್ರಂಕಿನಾಗ ಬರ್ತೈತಿ, ತಡಿ. ನಡಿ ಮನೀಗಿ."

ಮೇಜಿನ ಹಿಂದಿದ್ದ ಸುಬೇದಾರ ಮರಾಠಿಯವನು. ಅವಳನ್ನು ಗದರಲಿಲ್ಲ, ಕೂರಲು ಸ್ಟೂಲು ಕೊಡಿಸಿದ. ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ ಎಂದು ನನ್ನ ನಕಲು ಹೊರತೆಗೆದ. ಅವನ ಗುಮಾಸ್ತ ಕನ್ನಡ ಬಲ್ಲವನು. ಅವನು ಐದನೇ ಠರಾವನ್ನು ಮೊದಲಿಂದ ಕೊನೆವರೆಗೆ ಮರಾಠಿ ಮಾಡಿ ಓದಿದ. ಅಕ್ಕಾತಾಯಿ ತಲೆ ಬಾಗಿಸಿ ಕೇಳಿದಳು, ಬದುವಿನ ಮೇಲೆ ಕೇಳುತ್ತಿದ್ದಂತೆಯೇ. ಮುಗಿದ ಮೇಲೆ ನನ್ನನ್ನು ಹುಡುಕಿದಳು. ನಾನು ಪೆಂಡಾಲಿನ ಕಂಬದ ಹತ್ತಿರ ಇದ್ದೆ.

"ಇದೇನೋ ನಿನ್ನ ಆಭಾರ?" ಅಂದಳು. ಅಲ್ಲಿಯವರೆಗೆ ಅವಳು ನನಗೆ ಏಕವಚನ ಬಳಸಿರಲಿಲ್ಲ.

ಸುಬೇದಾರ ನನ್ನನ್ನು ಮೇಜಿನ ಮುಂದೆ ಕರೆದ. "ಈ ಠರಾವನ್ನು ಈಕೆಗೆ ಓದಿ ಹೇಳಿದ್ದೀರಾ?" ಎಂದು ಮರಾಠಿಯಲ್ಲಿ ಕೇಳಿದ. ಇಲ್ಲ ಎಂಬ ಒಂದು ಮಾತಿಗೆ ತಾನಾಜಿ ಅಂಗಿ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಇಷ್ಟು ವರ್ಷ ಈ ಜಾಗಕ್ಕೆ ಬಂದಾಗ ನಾನು ಅಪ್ಪಾಸೋ ನನ್ನನ್ನು ದುರುಗುಟ್ಟಿ ನೋಡಿದರು ಎಂದು ಸೇರಿಸುತ್ತಿದ್ದೆ. ಅವರು ನೋಡಲಿಲ್ಲ. ಯಾರೊಂದಿಗೋ ಮಾತಾಡುತ್ತಿದ್ದರು. ನೋಡಬೇಕಾದ ಅಗತ್ಯವೇ ಅವರಿಗೆ ಕಂಡಿರಲಿಲ್ಲ.

"ಓದಿ ಹೇಳೀನ್ರಿ," ಅಂದೆ.

ಅಕ್ಕಾತಾಯಿ ಕೂಗಾಡಲಿಲ್ಲ. ಸುಬೇದಾರನ ಕಡೆ ತಿರುಗಿ, ಈಗ ದಾರಿ ಏನು ಎಂದು ಕೇಳಿದಳು. ಅವನು ಹೇಳಿದ: ಹುಡುಗನಿಗೆ ಕರೆ ಹೋಗಲು ಇಪ್ಪತ್ತು ದಿನ ಇದೆ. ಈ ಒಪ್ಪಿಗೆ ನಿಮ್ಮದಲ್ಲ ಎಂದು ನಿಮ್ಮ ಮಂಡಲದ ಪುಸ್ತಕದಲ್ಲೇ ದಾಖಲಾಗಲಿ. ಅದರ ನಕಲು ತನ್ನಿ. ಹೆಸರು ತೆಗೆಯುತ್ತೇನೆ. ಅಪ್ಪಾಸೋ ಶಾಲು ಹಿಡಿದು ಮುಂದೆ ಬರುವಷ್ಟರಲ್ಲಿ ಅವಳು ಮೈದಾನ ದಾಟಿದ್ದಳು.

ಮುಂದಿನ ಸಭೆಗೆ ಅಕ್ಕಾತಾಯಿ ತಾನೇ ಬಂದಳು. ಗೆದ್ದ ಮೇಲೆ ಮೊದಲ ಸಲ. ಕುರ್ಚಿ ಕಡಿಮೆ ಬಿತ್ತು, ಸಿಪಾಯಿ ಶಾಲೆಯಿಂದ ಒಂದು ತಂದ. ಹಾಜರಿಯ ಸಹಿಗೆ ಪುಸ್ತಕ ಅವಳ ಕೈಗೆ ಬಂತು. ಅವಳು ಪೆನ್ನು ತೆಗೆದುಕೊಂಡು ಸಹಿ ಮಾಡುವುದನ್ನು ಬಿಟ್ಟು ಬರೆಯತೊಡಗಿದಳು. ನನಗೆ ಹೇಳಿ ಬರೆಸಲಿಲ್ಲ. ಯಾಕೆ ಬರೆಸುತ್ತಾಳೆ? ಒತ್ತಿ ಒತ್ತಿ, ಮರಾಠಿಯಲ್ಲಿ ಐದು ಸಾಲು. ಅವಳ ಬಲಕ್ಕೆ ಕೂತಿದ್ದ ಸದಸ್ಯ ಬಗ್ಗಿ ನೋಡಿದ, ಎದ್ದು ನಿಂತ.

"ಸರಕಾರಿ ಪುಸ್ತಕದಾಗ ಮರಾಠಿ ಬರ್ಯಾಕತ್ತಾಳ!"

ಆಚೆ ಕಡೆಯಿಂದ ಇನ್ನೊಬ್ಬ ಎದ್ದ. "ಬರದ್ರ ಏನಾತು? ಆಕಿ ಭಾಷಾ ಆಕಿ ಬರೀತಾಳ!"

"ಇದು ಯಾವ ರಾಜ್ಯ ಐತಿ?"

"ಅದನ್ನ ಕೇಳ್ಕೋತ ಬಂದೀವಿ ನಾವೂ, ಎಷ್ಟೋ ವರ್ಷದಿಂದ!"

ಅಷ್ಟೇ. ಎಲ್ಲರೂ ಎದ್ದರು. ತಿಂಗಳ ಹಿಂದೆ ಕೂಡಿಯೇ ಐದನೇ ಠರಾವಿಗೆ ಸಹಿ ಹಾಕಿದ್ದವರು ಎರಡು ಪಾಳಯವಾಗಿ ಒಬ್ಬರ ಅಂಗಿ ಒಬ್ಬರು ಹಿಡಿದರು. ಹೊರಗಿನಿಂದ ಮಂದಿ ಒಳಗೆ ನುಗ್ಗಿತು. ಕಿಟಕಿಯ ಗಾಜು ಹೋಯಿತು. ಒಬ್ಬ ಅಕ್ಕಾತಾಯಿಯ ಕೈ ಹಿಡಿದು ಮೇಲೆತ್ತಿ, "ಶಾಬ್ಬಾಸ್ ಅಕ್ಕಾತಾಯಿ! ಹೆಣ್ಣಮಗಳಾಗಿ ತೋರ್ಸಿದಿ!" ಎಂದು ಕೂಗಿದ. ಅವಳು ಕೈ ಕೊಸರಿಕೊಂಡಳು.

"ಏನ್ ತೋರ್ಸ್ಲಿಪ್ಪಾ? ಏನ್ ಬರದೀನಿ ಓದ್ರ್ಯೋ ಮೊದಲ! ನನ್ನ ಮಗಂದ್ ಬರದೀನೋ ಅದರಾಗ!"

ಯಾರೂ ಓದಲಿಲ್ಲ. ಪರವಾಗಿ ಕೂಗಿದವರು ಓದಬಲ್ಲವರು. ಅವರೂ ಓದಲಿಲ್ಲ. ಅಪ್ಪಾಸೋ ಆಗ ಮೀಸೆಯಲ್ಲಿ ನಕ್ಕರು ಎಂದು ಹೇಳುತ್ತ ಬಂದಿದ್ದೇನೆ. ನಕ್ಕಿರಲಿಲ್ಲ, ಹೆದರಿದ್ದರು. ಪುಸ್ತಕ ಮುಚ್ಚಿ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತರು.

ಮರುದಿನ ಚಿಕ್ಕೋಡಿಯಿಂದ ಪೊಲೀಸರು ಬಂದರು, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಅರಗು ಒತ್ತಿ ಒಯ್ದರು. ಭಾಷೆಯ ಗಲಾಟೆ, ಮೇಲಿನಿಂದ ವಿಚಾರಣೆ ಆಗಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ ಎಂದರು. ಮುಟ್ಟದೆ ನಕಲು ಹೇಗೆ ತೆಗೆಯುವುದು?

ಅಕ್ಕಾತಾಯಿ ದಿನಾ ಹೊಲಕ್ಕೆ ಹೋಗುವಾಗ ಆಫೀಸಿನ ಆ ಗಾಜಿಲ್ಲದ ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು.

"ಬಂತೇನು ಪುಸ್ತಕ?"

"ಇಲ್ಲ."

"ಮತ್ತ ಸುಳ್ಳ ಹೇಳಾಕತ್ತೀಯೇನ?"

"ಇಲ್ರಿ. ಖರೇನ ಬಂದಿಲ್ಲ."

ಅದು ನಿಜ. ನಿಜ ಹೇಳುವುದು ಅಷ್ಟು ಸುಲಭ, ಅದರಿಂದ ಏನೂ ಆಗದಿದ್ದಾಗ. ಹದಿನೆಂಟನೆಯ ದಿನವೋ ಹತ್ತೊಂಬತ್ತನೆಯ ದಿನವೋ ಅವಳು ಬರಲಿಲ್ಲ. ಕರೆ ಬಂದಿತ್ತು. ತಾನಾಜಿ ನಸುಕಿನ ಬಸ್ಸಿಗೆ ಹೋಗಿದ್ದ.

ಅವನು ಬದುಕಿದ್ದಾನೆ. ಅವನ ತರಬೇತಿ ಮುಗಿಯುವ ಹೊತ್ತಿಗೆ ಸೈನ್ಯ ಲಂಕೆಯಿಂದ ಹಿಂದಿರುಗಿತ್ತು. ಎಲ್ಲೆಲ್ಲೋ ಸೇವೆ ಮಾಡಿ, ಪಿಂಚಣಿ ಹಿಡಿದು ಬಂದನಂತೆ. ಈ ಕಥೆ ಕೇಳಿದವರೆಲ್ಲ ಇಲ್ಲಿ ನಿಟ್ಟುಸಿರು ಬಿಟ್ಟು, "ಹಂಗಾದ್ರ ಎಲ್ಲಾ ಛಲೋನ ಆತಲ್ರಿ," ಎನ್ನುತ್ತಾರೆ. ಅವರನ್ನು ಕಂಡರೆ ನನಗೆ ಆಗುವುದಿಲ್ಲ. ಅವನು ಬದುಕಿದ್ದು ಯಾರೋ ಎಲ್ಲೋ ಯುದ್ಧ ನಿಲ್ಲಿಸಿದ್ದರಿಂದ. ನನ್ನಿಂದಲ್ಲ, ಆ ಮಂಡಲದಿಂದಲ್ಲ. ಅವಳು ಅಷ್ಟು ವರ್ಷ ಪ್ರತಿ ಟಪಾಲಿಗೂ ಬಾಗಿಲಿಗೆ ಬಂದು ನಿಂತದ್ದನ್ನು ಅವನ ಪಿಂಚಣಿ ಅಳಿಸುವುದಿಲ್ಲ.

ವಿಚಾರಣೆಗೆ ಅಧಿಕಾರಿ ಬಂದದ್ದು ಮಾರ್ಚ್ ಕೊನೆಗೆ. ಕಣಗಳಲ್ಲಿ ತಂಬಾಕು ಬಡಿಯುತ್ತಿದ್ದರು, ಊರಿಗೆ ಊರೇ ಕೆಮ್ಮುತ್ತಿತ್ತು. ಅವರು ಬೆಂಗಳೂರಿನ ಕಡೆಯವರು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಪುಸ್ತಕದ ಅರಗು ಒಡೆಸಿದರು. ಬರೆದವರು ಯಾರು, ಯಾವ ಭಾಷೆ, ಎಷ್ಟು ಸಾಲು, ಯಾವ ಬಣ್ಣದ ಶಾಯಿ, ಮೊದಲು ಕೂಗಿದವರು ಯಾರು. ಎಲ್ಲಕ್ಕೂ ಉತ್ತರ ಹೇಳಿದೆ. ಏನು ಬರೆದಿದೆ ಎಂಬ ಪ್ರಶ್ನೆ ಅವರ ಕಾಗದದಲ್ಲಿರಲಿಲ್ಲ. ನನಗೆ ಮರಾಠಿ ಓದಲು ಬರುತ್ತದೆ. ಪುಸ್ತಕ ನನ್ನ ಮುಂದೆ ತೆರೆದಿತ್ತು. "ಐದನೇ ಠರಾವು ನನಗೆ ಓದಿ ಹೇಳಿಲ್ಲ. ಸೆಕ್ರೆಟರಿ ಅದನ್ನು ಆಭಾರ ಎಂದ. ತಾನಾಜಿಯನ್ನು ನಾನು ಕೊಟ್ಟಿಲ್ಲ. ಅವನ ಹೆಸರು ತೆಗೆಯಿರಿ. ಅವನನ್ನು ಮನೆಗೆ ಕಳಿಸಿರಿ."

"ಬೇರೆ ಏನಾದ್ರೂ ಹೇಳೋದಿದೆಯೇನ್ರೀ?" ಎಂದು ಅಧಿಕಾರಿ ಕೇಳಿದರು.

"ಇಲ್ಲ ಸರ್."

ಅವರನ್ನು ಜೀಪಿನವರೆಗೆ ಕಳಿಸಲು ಹೋದೆ. ಜೀಪಿನ ಹತ್ತಿರ ಅಕ್ಕಾತಾಯಿ ನಿಂತಿದ್ದಳು.

"ಸಾಹೇಬ್ರ, ಓದಿದ್ರೇನ್ರಿ ನಾ ಬರದದ್ದು?"

"ನೋಡಿದ್ವಿ ಅಮ್ಮ, ಎಲ್ಲ ನೋಡಿದ್ವಿ," ಅಂದರು ಅಧಿಕಾರಿ, ಕನಿಕರದಿಂದಲೇ. "ಹೆದರ್ಕೋಬೇಡಿ. ನಿಮ್ಮ ಮೇಲೆ ಏನೂ ಕ್ರಮ ತಗೊಳ್ಳಲ್ಲ."

ಅವಳು ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಜೀಪು ಹೋಯಿತು. ಈ ಜಾಗದಲ್ಲಿ ಅವಳ ಬಾಯಲ್ಲಿ ಎಷ್ಟೋ ಮಾತು ಇಟ್ಟು ನೋಡಿದ್ದೇನೆ, ಶಾಪ ಕೂಡ. ಅವಳು ಹೇಳಿದ್ದು, "ಇನ್ನ ಆ ಪುಸ್ತಕ ನನ್ನ ಮನೀಗಿ ತರಬ್ಯಾಡ."

ಏಪ್ರಿಲ್ ಸಭೆಯ ಹಾಜರಿಯಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರು ಎಂದು ಬರೆದೆ. ಮಹಿಳಾ ಸದಸ್ಯರ ಹೆಸರಿನ ಮುಂದೆ ಆ ಪದ ಆ ಪುಸ್ತಕದಲ್ಲಿ ಅದುವರೆಗೆ ಬಿದ್ದಿರಲಿಲ್ಲ. ಅಪ್ಪಾಸೋ ಬೆರಳಿಟ್ಟು, "ಯಾಕೋ, ಪುಸ್ತಕ ಒಯ್ದಿಲ್ಲೇನು ಆಕಿ ಮನೀಗಿ?" ಅಂದರು.

"ಒಯ್ದಿಲ್ರಿ," ಅಂದೆ.

ಇದನ್ನು ಧೈರ್ಯ ಎಂದು ಯಾರೂ ಓದಬಾರದು. ಅಥಣಿಗೆ ವರ್ಗಾವಣೆಯ ಆದೇಶ ನನ್ನ ಕೈಗೆ ಬಂದು ಆಗಲೇ ನಾಲ್ಕು ದಿನವಾಗಿತ್ತು.